ಕಿಟಕಿಯಲ್ಲಿದ್ದ ಬೆನ್ನೆಲುಬು

ಮಿಜಾರಿನ ಬಾಡಿಗೆ ಮನೆ ಬಿಡುವುದೆಂದು ಹಾಸಿಗೆ ಮಡಚುವಾಗ ಅದರ ಅಡಿಯಲ್ಲಿ ಒಂದು ಎಕ್ಸ್‌ರೇ ಸಿಕ್ಕಿತು. ಸೆಕೆಗೆ ಮಂಚದ ಹಲಗೆಗೆ ಅಂಟಿಕೊಂಡಿತ್ತು. ಎಳೆದಾಗ ಚರ್ರೆಂದು ಎದ್ದು ಬಂತು, ಜೊತೆಗೆ ಹುಳಿಹುಳಿಯಾದ ಒಂದು ವಾಸನೆ. ಆ ವಾಸನೆಗೆ ನನಗೆ ನೆನಪಾದದ್ದು ಆಸ್ಪತ್ರೆಯಲ್ಲ, ಊರಿನ ಕೆಳಮನೆಯ ಕಿಟಕಿ...

ಬೆಳ್ತಂಗಡಿ ಕಡೆಯ ನಮ್ಮ ಊರಿನಲ್ಲಿ ರಸ್ತೆಯ ಬದಿಯ ಮನೆ ನಮ್ಮದು, ಇಳಿಜಾರಿನ ಕೆಳಗಿನ ಕೆಳಮನೆ ಚಿಕ್ಕಮ್ಮನದು. ಸಂಬಂಧವೇನೂ ಇರಲಿಲ್ಲ, ಆದರೂ ನಾನು ಚಿಕ್ಕಮ್ಮ ಎನ್ನುತ್ತಿದ್ದೆ. ಸುತ್ತಲಿನ ಯಾರ ಹಟ್ಟಿಯಲ್ಲಿ ದನ ಕರು ಹಾಕುವುದಿದ್ದರೂ ಅವರಿಗೆ ಕರೆ ಬರುತ್ತಿತ್ತು. ಕರುವಿನ ಕಾಲು ಹಿಡಿದು ಎಳೆಯುವುದು, ಮೂಗು ಒರೆಸುವುದು, ಆಮೇಲೆ ಬೀಳುವ ಮಾಸನ್ನು ಬೈಹುಲ್ಲಿನಲ್ಲಿ ಕಟ್ಟಿ ಹಾಲು ಒಸರುವ ಮರಕ್ಕೆ ತೂಗುಹಾಕುವುದು, ಎಲ್ಲವೂ ಅವರದೇ ಕೆಲಸ. ಹಾಗೆ ತೂಗುಹಾಕಿದರೆ ದನಕ್ಕೆ ಹಾಲು ಹೆಚ್ಚುತ್ತದೆಂದು ನಂಬಿಕೆ. ಎಲ್ಲವನ್ನೂ ಬರಿಗೈಯಲ್ಲಿ ಮಾಡುತ್ತಿದ್ದರು. ಅವರ ಕೈಗುಣ ಒಳ್ಳೆಯದು ಎಂದು ಊರು ಹೇಳುತ್ತಿತ್ತು.

ನಾನು ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ಅವರದೇ ಕೆಂಪು ದನ ದಿನ ತುಂಬುವ ಮೊದಲೇ ಕಂದು ಹಾಕಿತು. ಮಾಸು ಬೀಳಲಿಲ್ಲ. ಚಿಕ್ಕಮ್ಮ ಕೈ ಹಾಕಿ ತೆಗೆದರು. ಮರಕ್ಕೆ ಕಟ್ಟದೆ, ಸತ್ತ ಕರುವಿನ ಜೊತೆ ಗೊಬ್ಬರದ ಗುಂಡಿಯ ಆಚೆ ಹೂತರು. "ಯಾರಿಗೂ ಹೇಳಬೇಡಿ. ಕೈಗುಣ ಹೋಯಿತು ಅಂತ ಮತ್ತೆ ಒಬ್ಬರೂ ಕರೆಯಲಿಕ್ಕಿಲ್ಲ," ಎಂದು ನನ್ನ ಅಮ್ಮನ ಹತ್ತಿರ ಹೇಳಿದ್ದರಂತೆ. ಅವರು ಆಡಿದ್ದು ತುಳುವಿನಲ್ಲಿ, ಅಮ್ಮ ನನಗೆ ಹೇಳಿದ್ದು ಎಷ್ಟೋ ದಿನಗಳ ನಂತರ, ನಾನು ಬರೆಯುತ್ತಿರುವುದು ಈಗ, ಕನ್ನಡದಲ್ಲಿ. ಇದರಲ್ಲಿ ಅವರ ಮಾತು ಎಷ್ಟು ಉಳಿದಿದೆಯೋ ತಿಳಿಯದು.

ಆಮೇಲೆ ಜ್ವರ ಶುರುವಾಯಿತು. ಸಂಜೆಗೆ ಬರುವುದು, ರವಕೆ ಒದ್ದೆಯಾಗುವಷ್ಟು ಬೆವರುವುದು, ಬೆಳಿಗ್ಗೆಗೆ ಬಿಡುವುದು. ಸೊಂಟದ ಮೇಲೆ ನೋವು. ರಿಕ್ಷಾ ಓಡಿಸುತ್ತಿದ್ದ ಅವರ ಗಂಡ ಬಂಟ್ವಾಳಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಇರಲಿಲ್ಲ. ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಆ ಎಕ್ಸ್‌ರೇಯನ್ನು ಚಿಕ್ಕಪ್ಪ ಜಗಲಿಯ ಕಿಟಕಿಯ ಸರಳಿಗೆ ಸಿಕ್ಕಿಸಿಟ್ಟರು. ನಮ್ಮಲ್ಲಿ ಎಕ್ಸ್‌ರೇ ತೆಗೆಸಿದವರ ಮನೆಗೆ ಹೋದರೆ ಅದನ್ನು ಬೆಳಕಿಗೆ ಹಿಡಿದು ನೋಡುವುದು ಮರ್ಯಾದೆಯ ಹಾಗೆ. ನೋಡಲು ಬರುತ್ತದೋ ಇಲ್ಲವೋ ಬೇರೆ ಮಾತು. ಬಂದವರಿಗೆಲ್ಲ ಚಿಕ್ಕಪ್ಪ ತೋರಿಸುತ್ತಿದ್ದರು. "ನೋಡಿ ಮಾರಾಯ್ರೆ, ಹೊಸ ಗಾಡಿಯ ಚಾಸಿಸ್ ಹಾಗೆ ಉಂಟು. ಇವಳಿಗೆ ಮಾತ್ರ ನೋವು."

ಚಿಕ್ಕಮ್ಮನ ಅತ್ತೆ ಒಳಗಿಂದಲೇ ಸೇರಿಸುತ್ತಿದ್ದರು. "ಹುಲ್ಲಿಗೆ ಹೋಗುವಾಗ ಬೆನ್ನು ನೋವು, ಮದುವೆಗೆ ಹೋಗುವಾಗ ಇಲ್ಲ. ಅದು ಎಕ್ಸ್‌ರೇಗೆ ಸಿಕ್ಕುವ ಜಾತಿಯದ್ದಲ್ಲ."

ಬಂದವರು ನಗುತ್ತಿದ್ದರು. ಚಿಕ್ಕಮ್ಮ ಹುಲ್ಲಿಗೆ ಹೋಗುತ್ತಿದ್ದರು. ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಏರಿ ಬರುವಾಗ ನಮ್ಮ ಗೇಟು ಹಿಡಿದು ನಿಲ್ಲುತ್ತಿದ್ದರು. ಒಮ್ಮೆ ಹಾಗೆ ನಿಂತಾಗ, ರಜೆಗೆ ಬಂದಿದ್ದ ನನ್ನನ್ನು ಕೇಳಿದರು: "ಎಕ್ಸ್‌ರೇ ಸುಳ್ಳು ಹೇಳ್ತದಾ ಮಗಾ? ನೀನು ಓದಿದವ." ನಾನು ಏನೆಂದೆ? ನೆನಪಾಗುವ ಉತ್ತರಗಳೆಲ್ಲ ಆಮೇಲೆ ತಿಳಿದದ್ದರಿಂದ ಕಟ್ಟಿದವು. ಗೇಟಿನ ಮೇಲಿದ್ದ ಅವರ ಕೈ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ...

ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆ ಹಿಡಿಯದೆ ಏಳಲಾಗದ ಸ್ಥಿತಿಗೆ ಬಂದರು. ಈ ಸಲ ಮೂಡುಬಿದಿರೆಗೆ ತಂದರು. ಓಡಾಟಕ್ಕೆ ಇರಲೆಂದು ನನ್ನನ್ನೂ ಕರೆದಿದ್ದರು. ಹೊಸ ಎಕ್ಸ್‌ರೇಯಲ್ಲಿ ಸೊಂಟದ ಹತ್ತಿರದ ಒಂದು ಎಲುಬಿನ ಮೇಲಿನ ಮೂಲೆ ಇಲಿ ಕಡಿದ ಬಿಸ್ಕತ್ತಿನಂತೆ ಸವೆದಿತ್ತು. ವೈದ್ಯರು ಅಲ್ಲಿಗೆ ಬೆರಳಿಟ್ಟಾಗ ಚಿಕ್ಕಮ್ಮ ಕುತ್ತಿಗೆ ಎತ್ತಿ ನೋಡಿದರು, ನಕ್ಕರು. "ಕಂಡಿತಲ್ಲ," ಎಂದರು. ಗಂಡನ ಕಡೆ ತಿರುಗಿ ಮತ್ತೊಮ್ಮೆ, "ನಿಮಗೂ ಕಂಡಿತಲ್ಲ?"

ತನ್ನ ಎಲುಬು ಸವೆದದ್ದನ್ನು ನೋಡಿ ಅಷ್ಟು ಹಗುರಾದ ಮುಖವನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಎಲುಬಿನ ಕ್ಷಯ ಇರಬಹುದೆಂದು ಮಾತ್ರೆ ಶುರು ಮಾಡಿದರು. ತಿಂಗಳುಗಳು ಕಳೆದರೂ ಜ್ವರ ಬಿಡಲಿಲ್ಲ. ಅಲ್ಲಿಗೆ ಹೊಸದಾಗಿ ಬಂದ ಒಬ್ಬ ವೈದ್ಯೆ ಹಳೆಯ ಎಕ್ಸ್‌ರೇಯನ್ನೂ ತರಿಸಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಮನೆಯಲ್ಲಿ ದನ ಉಂಟಾ, ಯಾವುದಾದರೂ ಕಂದು ಹಾಕಿತ್ತಾ ಎಂದು ಕೇಳಿದರು.

"ಇಲ್ಲ, ಹಟ್ಟಿಯಲ್ಲಿ ಎಲ್ಲ ಸರಿ ಉಂಟು," ಎಂದರು ಚಿಕ್ಕಪ್ಪ. ಹೇಳಿ ಹೇಳಿ ಅವರಿಗೆ ಅದು ಅಭ್ಯಾಸವಾಗಿತ್ತು.

ಚಿಕ್ಕಮ್ಮ ಮಲಗಿದಲ್ಲಿಂದಲೇ ಹೇಳಿದರು: "ಇನ್ನು ಯಾರ ಹಟ್ಟಿಗೆ ಹೋಗಲಿಕ್ಕುಂಟು ನನಗೆ? ಹಾಕಿತ್ತು ಡಾಕ್ಟ್ರೆ. ನಾನೇ ಕೈ ಹಾಕಿ ತೆಗೆದದ್ದು."

ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಎಂದು ಬಂತು. ದನಗಳಿಗೆ ಬಂದರೆ ಕಂದು ರೋಗ ಎನ್ನುವುದು ಇದನ್ನೇ. ಮಾಸು, ಹಸಿ ಹಾಲುಗಳಿಂದ ಮನುಷ್ಯರಿಗೂ ಅಂಟುತ್ತದೆ. ವೈದ್ಯೆ ನಿಧಾನವಾಗಿ ವಿವರಿಸಿದರು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಎಲುಬು ಸಾಕಷ್ಟು ಸವೆದ ಮೇಲೆಯೇ ಕಾಣುವುದು. ಕಂಡರೂ ಅದು ಕ್ಷಯವೋ ಇದುವೋ ಎಂದು ಚಿತ್ರವೊಂದೇ ತೀರ್ಮಾನಿಸಲಾರದು. ರಕ್ತ ನೋಡಬೇಕು, ಕೆಲಸ ಏನೆಂದು ಕೇಳಬೇಕು. ಚಿಕ್ಕಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡರು. ಹಿಂದಿರುಗುವಾಗ ರಿಕ್ಷಾ ತುಂಬ ನಿಧಾನ ಓಡಿಸಿದರು.

ಔಷಧಿಗೆ ಜ್ವರ ಬಿಟ್ಟಿತು. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಹಟ್ಟಿ ಖಾಲಿಯಾಯಿತು, ಊರಿನಿಂದ ಕರೆ ಬರುವುದೂ ನಿಂತಿತು. ಒಂದು ದಿನ ಚಿಕ್ಕಮ್ಮ ಒಂದು ಎಕ್ಸ್‌ರೇ ತಂದು ನನ್ನ ಕೈಗಿಟ್ಟು, "ಇದನ್ನು ನೀನು ಕೊಂಡುಹೋಗು," ಎಂದರು. ಅದು ಸವೆದ ಎಲುಬಿನದೆಂದೇ ನಾನು ಇಷ್ಟು ವರ್ಷ ನಂಬಿದ್ದೆ. ಹಾಗೆಂದು ಕೆಲವರಿಗೆ ಹೇಳಿಯೂ ಇದ್ದೇನೆ.

ಕಳೆದ ವರ್ಷ ಅವರು ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಹೋದಾಗ ಜಗಲಿಯ ಕಿಟಕಿಯಲ್ಲಿ ಎಕ್ಸ್‌ರೇ ಇನ್ನೂ ಇತ್ತು, ಬಿಸಿಲಿಗೆ ಕಂದಿ ಹೋಗಿತ್ತು. ಹಳೆಯದನ್ನೇ ತೆಗೆಯದೆ ಬಿಟ್ಟಿದ್ದಾರೆ ಎಂದುಕೊಂಡು ನಾನು ಹತ್ತಿರ ಹೋಗಲಿಲ್ಲ. "ತೆಗೆಯಲಿಕ್ಕೆ ಅವಳು ಬಿಡ್ಲಿಲ್ಲ ಮಾರಾಯ," ಎಂದರು ಚಿಕ್ಕಪ್ಪ. "ಈಗ ತೆಗೆಯಲಿಕ್ಕೆ ನನಗೆ ಆಗುವುದಿಲ್ಲ."

ಈಗ ಹಾಸಿಗೆಯಡಿಯಲ್ಲಿ ಸಿಕ್ಕಿದ್ದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ. ಯಾವ ಎಲುಬಿನ ಮೂಲೆಯೂ ಸವೆದಿಲ್ಲ. ಚಿಕ್ಕಮ್ಮ ನನಗೆ ಕೊಟ್ಟದ್ದು ಮೊದಲನೆಯದನ್ನು. ಬಂದವರೆಲ್ಲ ನೋಡಿ ನಕ್ಕದ್ದನ್ನು ಮನೆಯಿಂದ ಹೊರಗೆ ಹಾಕಿ, ಅದೇ ಸರಳಿಗೆ ಎರಡನೆಯದನ್ನು ಸಿಕ್ಕಿಸಿ, ಉಳಿದ ವರ್ಷಗಳನ್ನು ಅದರ ಪಕ್ಕದಲ್ಲಿ ಕುಳಿತು ಕಳೆದಿದ್ದಾರೆ.

ಗಾಡಿಯವರು ಹೊರಗೆ ಹಾರ್ನ್ ಹಾಕುತ್ತಿದ್ದಾರೆ. ಈ ಎಕ್ಸ್‌ರೇ ತೆಗೆಸಿದ ದಿನವೂ ಚಿಕ್ಕಮ್ಮನಿಗೆ ನೋವಿತ್ತು. ಅದು ಗೊತ್ತಿದ್ದೂ, ಓರೆ ಮಾಡಿ, ಹತ್ತಿರ ಹಿಡಿದು, ದೂರ ಹಿಡಿದು ನೋಡುತ್ತೇನೆ... ನನಗೂ ಏನೂ ಕಾಣುವುದಿಲ್ಲ.