ಎರಡು ಬಾಗಿಲ ನಡುವಿನ ಡಬ್ಬಿ

ಮಹಾಶಕ್ತಿಗಳ ರಾಜತಂತ್ರವನ್ನು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಆದರೆ ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನಲ್ಲಿ ಎದುರುಬದುರಾಗಿರುವ ಎರಡು ಬಾಗಿಲುಗಳ ನಡುವೆ ಶಾಂತಿ ತರಲು ನನ್ನಿಂದ ಆಗಲಿಲ್ಲ. ಇದನ್ನು ಬೇರೆಯವರ ಬಾಯಿಂದ ನೀವು ಕೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು.

ಒಂದು ಬಾಗಿಲು ನಮ್ಮದು, ಎದುರಿನದು ವಿಜಯಪುರದ ಗಂಗಕ್ಕನದು. ಉಡುಪಿ ಕಡೆಯ ನನ್ನ ಹೆಂಡತಿ ವಾರಿಜಳಿಗೆ ಈ ಪರವೂರಿನಲ್ಲಿ ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇರುವವಳು ಗಂಗಕ್ಕ ಒಬ್ಬಳೇ. ಯುದ್ಧಕ್ಕೆ ಕಾರಣ ಗಂಗಕ್ಕನ ಮನೆಯ ಚಪ್ಪಲಿ ಸ್ಟ್ಯಾಂಡು. ಅದು ಪ್ಯಾಸೇಜಿನಲ್ಲಿ ನಮ್ಮ ಕಡೆಗೆ ಒಂದು ಗೇಣು ಸರಿದಿದೆ ಎಂದು ವಾರಿಜ. ಇಲ್ಲ, ಇದ್ದಲ್ಲೇ ಇದೆ ಎಂದು ಗಂಗಕ್ಕ. ಗಡಿ ತಕರಾರುಗಳು ಹುಟ್ಟುವುದೇ ಹೀಗೆ ಎಂದು ಉದಾಹರಣೆ ಸಮೇತ ವಿವರಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಂಡೆ. ಅಂದಿನಿಂದ ಮಾತು ಬಂದ್.

ಮಾತು ನಿಂತರೂ ಎರಡು ಮನೆಗಳ ನಡುವೆ ಓಡಾಡುವ ತಿಂಡಿಯ ಡಬ್ಬಿ ನಿಲ್ಲಲಿಲ್ಲ. ಪಕ್ಕದ ಮನೆಯ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದೆಂಬ ಕಾನೂನು ಕರಾವಳಿಯಲ್ಲೂ ಇದೆ, ಬಯಲುಸೀಮೆಯಲ್ಲೂ ಇದೆ. ಆ ಸ್ಟೀಲ್ ಡಬ್ಬಿಯೋ, ಮೂಲದಲ್ಲಿ ಯಾರದೆಂದು ಇಬ್ಬರಿಗೂ ಮರೆತುಹೋಗಿದೆ. ಹಾಗಾಗಿ ಯಾರಲ್ಲಿದ್ದರೂ ಅದು ಎದುರು ಮನೆಯದೇ, ತುಂಬಿ ಕಳಿಸಬೇಕಾದದ್ದೇ. ವಾರಿಜ ಪತ್ರೊಡೆ ತುಂಬಿ, ಎದುರು ಚಿಲಕಕ್ಕೆ ತೂಗುಹಾಕಿ, ಬೆಲ್ ಒತ್ತಿ ಒಳಗೆ ಓಡಿಬಂದಳು. ಮಾರನೆಯ ದಿನ ನಮ್ಮ ಚಿಲಕದಲ್ಲಿ ಶೇಂಗಾ ಹೋಳಿಗೆ ತೂಗಿತು.

ಶಾಂತಿಕಾಲದಲ್ಲಿ ಮಿಕ್ಕಿದ ಉಪ್ಪಿಟ್ಟೂ ಆ ಡಬ್ಬಿಯಲ್ಲಿ ಬರುತ್ತಿತ್ತು. ಈಗ ಶಸ್ತ್ರಾಸ್ತ್ರ ಪೈಪೋಟಿ. ಗಂಗಕ್ಕನ ಯಜಮಾನ, ಬಟ್ಟೆ ವ್ಯಾಪಾರಿ ಮಲ್ಲಪ್ಪನೂ ನಾನೂ ಮಾಟುಂಗದ ಹೋಟೆಲಿನಲ್ಲಿ ಕಾಫಿಯ ನೆಪದಲ್ಲಿ ಗುಟ್ಟಾಗಿ ಸಂಧಾನಕ್ಕೆ ಕುಳಿತೆವು. ಕುಳಿತದ್ದು ನಿಜ, ಹೆಚ್ಚು ಹೊತ್ತು ಹೋಳಿಗೆ, ಪತ್ರೊಡೆಗಳನ್ನೇ ಹೊಗಳಿದೆವು. ಪೈಪೋಟಿ ನಿಲ್ಲಿಸುವ ಆತುರ ಇಬ್ಬರಿಗೂ ಇರಲಿಲ್ಲ.

ಆದರೆ ಪವಾಯಿಯಲ್ಲಿರುವ ನಮ್ಮ ಮಗಳ ಫೋನ್ ಬಂದಾಗಲೆಲ್ಲ ವಾರಿಜ ಸುದ್ದಿ ಹೇಳಲು ಎದುರು ಬಾಗಿಲ ತನಕ ಹೋಗುವಳು. ಜಗಳ ನೆನಪಾಗಿ ಹಿಂದೆ ಬರುವಳು. ಅದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಕ್ಷಿಪಣಿಗಳ ಗಲಾಟೆಯಲ್ಲಿ ಜಗತ್ತು ಅಣುಯುದ್ಧದಿಂದ ಕೂದಲೆಳೆಯಲ್ಲಿ ಪಾರಾದ ಮೇಲೆ ವಾಷಿಂಗ್ಟನ್ನಿಗೂ ಮಾಸ್ಕೋಗೂ ನೇರ ತಂತಿ ಎಳೆದರಲ್ಲ, ಅದನ್ನು ಜನ ಕೆಂಪು ಟೆಲಿಫೋನೆಂದು ತಿಳಿದಿದ್ದಾರೆ. ಅದು ಬರೀ ಟೆಲಿಪ್ರಿಂಟರ್, ಮಾತಿಲ್ಲ, ಟೈಪಾಗಿ ಬರುವ ಅಕ್ಷರ ಮಾತ್ರ. ಹೇಳುವುದೇನೂ ಇಲ್ಲದಿದ್ದರೂ ಗಂಟೆಗೊಮ್ಮೆ ಏನಾದರೊಂದು ಕಳಿಸುತ್ತಿದ್ದರು, ತಂತಿ ಜೀವಂತವಾಗಿದೆಯೇ ಎಂದು ನೋಡಲು. ನಮ್ಮ ಡಬ್ಬಿಯ ಕೆಲಸವೂ ಅದೇ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ ಡಬ್ಬಿ ಬಂತು. ತೊಳೆದು ಥಳಥಳ ಹೊಳೆಯುತ್ತಿತ್ತು, ಒಳಗೆ ಏನೂ ಇರಲಿಲ್ಲ. ರಾಯಭಾರಿಯನ್ನು ವಾಪಸ್ ಕರೆಸಿಕೊಳ್ಳುವುದೆಂದರೆ ಇದೇ. ಇನ್ನು ಸಂಬಂಧ ಮುಗಿಯಿತು ಎಂದೆ.

ವಾರಿಜ ಡಬ್ಬಿಯೊಳಗೆ ಒಮ್ಮೆ ನೋಡಿದಳು. "ಎಂತ ಸಂಬಂಧ ಮುಗಿಯುವುದು ಮಾರಾಯ್ರೆ! ಗಂಗಕ್ಕ ಖಾಲಿ ಡಬ್ಬಿ ಕಳಿಸುವವಳಾ? ಅವಳಿಗೆ ಏನೋ ಆಗಿದೆ!" ಎಂದವಳೇ ಬೆಲ್ ಕೂಡ ಒತ್ತದೆ ಎದುರು ಬಾಗಿಲು ತಳ್ಳಿ ಒಳಗೆ ಹೋದಳು. ನಾನು ಹಿಂದೆ ಓಡಿದೆ.

ಗಂಗಕ್ಕ ಜ್ವರದಲ್ಲಿ ಮಲಗಿದ್ದಳು. ಡಬ್ಬಿ ತೊಳೆದು ತೂಗುಹಾಕಿದ್ದು ಮಲ್ಲಪ್ಪ. ಪಾಪ, ಕಾನೂನು ತಿಳಿಯದ ಮನುಷ್ಯ. ಗಂಗಕ್ಕ ಜ್ವರ ಮರೆತು ಎದ್ದು ಕೂತು ಗಂಡನ ಮೇಲೆ ರೇಗಿದಳು. "ಖಾಲಿ ಡಬ್ಬಿ ಯಾರರ ಕೊಡ್ತಾರೇನ್ರೀ? ನನ್ನ ಮಾನಾನ ಕಳದ್ರಲ್ಲ!"

"ಇವರೇನು ಕಡಿಮೆಯಾ?" ಎಂದು ವಾರಿಜ ನನ್ನತ್ತ ಬೆರಳು ತೋರಿಸಿ, ಮಂಚದ ಮೇಲೆ ಕೂತು ಗಂಗಕ್ಕನ ಹಣೆ ಮುಟ್ಟಿದಳು. ಗಂಗಕ್ಕ ಆ ಕೈಯನ್ನು ಹಿಡಿದುಕೊಂಡಳು. ಆಮೇಲೆ ಇಬ್ಬರೂ ಸೇರಿ ಗಂಡಂದಿರನ್ನು ಬೈದ ಸೊಗಸೇನು! ಅಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿಲ್ಲ.

ಚಪ್ಪಲಿ ಸ್ಟ್ಯಾಂಡು ಇನ್ನೂ ಅಲ್ಲೇ ಇದೆ. ಈಚೆಗೆ ತುಳಸಿ ಕುಂಡದ ವಿಷಯದಲ್ಲಿ ಮತ್ತೆ ಏನೋ ಗುಸುಗುಸು ಕೇಳಿಬರುತ್ತಿದೆ. ಮಲ್ಲಪ್ಪನೂ ನಾನೂ ಹೆದರಿಲ್ಲ. ಸದ್ಯಕ್ಕೆ ಹೋಳಿಗೆ ಬರಲಿ. ತೀರಾ ಮಿತಿ ಮೀರಿದರೆ ಖಾಲಿ ಡಬ್ಬಿ ಇದ್ದೇ ಇದೆ.