ಮೊದಲ ಗುಟುಕು ಅವ್ವನದು

ಅವ್ವ ಇದ್ದ ಕೊನೆಯ ಸಾದಾ ದಿನ, ಕಮಲಾಪುರದ ಮನೆಯ ಕಟ್ಟೆಯ ಮೇಲೆ ಕೂತು ವಿಭೂತಿ ಹಚ್ಚಿ ಬೆಳ್ಳಿ ಒಳಲೆ ತಿಕ್ಕುತ್ತಿದ್ದಳು. ಕೂಸಿಗೆ ಹಾಲು, ಔಷಧ ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು ಅದು. ನಾನಾಗ ಎರಡನೆಯ ಸಲ ಬಸುರಿ. “ಬರೋ ಕೂಸಿಗೆ ಫಳಫಳ ಹೊಳೀಬೇಕು ನೋಡವಾ” ಅಂದಳು. ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ.

ಈಗ ಕಲಬುರಗಿಯ ನಮ್ಮ ಅಡುಗೆಮನೆಯಲ್ಲಿ ಅದೇ ಒಳಲೆ ನನ್ನ ಕೈಯಲ್ಲಿದೆ. ಮೂತಿಯ ಸಂದಿನಲ್ಲಿ ವಿಭೂತಿಯ ವಾಸನೆ ಇನ್ನೂ ಇದೆ. ಇದೆ ಎಂದು ನನ್ನ ಮೂಗಾದರೂ ಹಟ ಹಿಡಿದಿದೆ.

ಅವ್ವನದೊಂದು ಪದ್ಧತಿ ಇತ್ತು, ನಿಮ್ಮ ಮನೆಯ ಹಿರಿಯರಲ್ಲೂ ಇದ್ದಿರಬಹುದು. ಕೂಸಿಗೆ ಏನೇ ಕೊಡಲಿ, ಮೊದಲು ತಾನು ಒಂದು ಒಳಲೆ ಕುಡಿದು, ಕೈಯಲ್ಲಿದ್ದ ಒಂದು ಕೆಲಸ ಮುಗಿಸಬೇಕು. ತನಗೇನೂ ಆಗದಿದ್ದರೆ ಮಾತ್ರ ಕೂಸಿಗೆ. ನಮ್ಮ ಯಜಮಾನರು ಮೊದಲ ಸಲ ಮನೆಗೆ ಬಂದಾಗ ಅವರ ಚಹಾವನ್ನೂ ಹೀಗೇ ಕುಡಿದು ನೋಡಿದ್ದಳು.

ನನ್ನ ಮೊದಲ ಮಗಳು ಎರಡು ತಿಂಗಳ ಕೂಸಾಗಿದ್ದಾಗ, ಬಾಣಂತನಕ್ಕೆ ಬಂದಿದ್ದ ಅವ್ವನ ಮನೆಯಲ್ಲಿ, ಕುಡಿದ ಹಾಲೆಲ್ಲ ಕಕ್ಕತೊಡಗಿದಳು. ನಾನು ಕೂಸಿಗಿಂತ ಜೋರಾಗಿ ಅಳುತ್ತಿದ್ದೆ. ಎದುರು ಮನೆಯ ಕಾಕು ಒಂದು ಬಾಟಲಿ ತಂದಳು.

“ನಮ್ಮ ಹುಡುಗಗ ಬಸ್ಸಿನ್ಯಾಗ ವಾಂತಿ ಆಗ್ತದಂತ ತಂದಿದ್ದೆ. ಒಂದು ಗುಟುಕು ಹಾಕ್ರಿ, ನಿಂತೇಬಿಡ್ತದ.”

ಅವ್ವ ಒಳಲೆ ತುಂಬ ಸುರಿದುಕೊಂಡು ತಾನೇ ಕುಡಿದಳು. “ಸಿಹಿ ಅದ” ಎಂದು ರೊಟ್ಟಿ ಬಡಿಯಲು ಕೂತಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಹಂಚಿನ ಮೇಲೆ ರೊಟ್ಟಿ ಕರಕಲಾಗಿತ್ತು. ಅವ್ವ ಹಿಟ್ಟಿನ ಕೈ ತೊಡೆಯ ಮೇಲಿಟ್ಟು, ಗೋಡೆಗೊರಗಿ ನಿದ್ದೆ ಹೋಗಿದ್ದಳು. ಅಲುಗಾಡಿಸಿ ಎಬ್ಬಿಸಿದೆ. “ಕೂಸಿಗೆ ಕೊಡಬ್ಯಾಡ” ಎಂದಷ್ಟೇ ಹೇಳಿ ಮತ್ತೆ ಕಣ್ಣು ಮುಚ್ಚಿದಳು.

ಬಾಡಿಗೆ ಜೀಪು ಹಿಡಿದು ಇಬ್ಬರನ್ನೂ ಕಲಬುರಗಿಗೆ ಕರೆತಂದೆ. ಜಗತ್ ವೃತ್ತದ ಹತ್ತಿರದ ಮಕ್ಕಳ ಡಾಕ್ಟರಮ್ಮ ತೂಕಡಿಸುವ ಅವ್ವನನ್ನು ನೋಡಿ, “ಇಬ್ಬರಾಗ ಪೇಷಂಟ್ ಯಾರ್ರೀ?” ಅಂದರು. ಬಾಟಲಿ ಓದಿದ ಮೇಲೆ ಅವರ ನಗೆ ನಿಂತಿತು.

“ದೊಡ್ಡವರಿಗೇ ನಿದ್ದಿ ಬರಸ್ತದ ಇದು. ಎರಡು ವರ್ಷದೊಳಗಿನ ಕೂಸಿಗೆ ಕೊಟ್ರ ಉಸಿರೇ ಕಮ್ಮಿ ಆಗಬಹುದು.”

ಅವ್ವನ ನಾಡಿ ನೋಡಿದರು. ಕೂಸಿನ ಹೊಟ್ಟೆ ಮುಟ್ಟಿದರು, ತೂಕ ಹಾಕಿದರು. ಕೂಸು ಚೆನ್ನಾಗಿ ಬೆಳೆದಿತ್ತು.

“ಹಾಲು ಕುಡಿಸಿದ ಕೂಡ್ಲೇ ತೊಟ್ಟಿಲಕ್ಕ ಹಾಕಿ ತೂಗ್ತೀರಿ, ಅದಕ್ಕ ಕಕ್ತದ. ಭುಜದ ಮ್ಯಾಲ ಹಾಕ್ಕೊಂಡು ತೇಗಿಸ್ರಿ. ಔಷಧ ಏನೂ ಬ್ಯಾಡ. ವಾಂತಿ ಹಸರಾದ್ರ, ಉಚ್ಚಿ ಕಮ್ಮಿ ಆದ್ರ, ಕೂಸು ಮಂಕಾದ್ರ ಮಾತ್ರ ತಡ ಮಾಡದ ಓಡಿ ಬರ್ರಿ.” ಆಮೇಲೆ ಅವ್ವನ ಕಡೆ ತಿರುಗಿದರು. “ನಿಮಗ ನಡದದ್ದೆಲ್ಲಾ ಕೂಸಿಗೆ ನಡೆಯಂಗಿಲ್ಲಮ್ಮಾ. ವಾಂತಿ ಔಷಧ ಬೇಕೋ ಬ್ಯಾಡೋ, ಎಷ್ಟು ಅನ್ನೋದು ಕೂಸಿನ್ನ ನೋಡಿ ಡಾಕ್ಟರೇ ಹೇಳಬೇಕು.”

ಅವ್ವ ಒಂದೇ ಕಣ್ಣು ತೆರೆದಳು. “ನನಗೇ ನಡೀಲಿಲ್ಲಲ್ರೀ!”

ಡಾಕ್ಟರಮ್ಮ ಮತ್ತೆ ನಕ್ಕರು. ನನಗೂ ಆಗಲೇ ಉಸಿರು ಬಂದದ್ದು. ವಾಪಸು ಹೋಗುವಾಗ ಜೀಪಿನಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೂ ಬಾಯಿ ತೆರೆದು ಮಲಗಿದ್ದರು. ನಾನು ಒಬ್ಬರಾದ ಮೇಲೆ ಒಬ್ಬರ ಎದೆ ಏರಿಳಿಯುವುದನ್ನು ನೋಡುತ್ತಾ ಕೂತಿದ್ದೆ.

ಇವತ್ತು ಎರಡನೆಯ ಕೂಸು ಹಾಲು ಕಕ್ಕಿತು. ನಾನು ಅಳಲಿಲ್ಲ. ಭುಜದ ಮೇಲೆ ಹಾಕಿಕೊಂಡು ಬೆನ್ನು ಸವರಿದೆ. ದೊಡ್ಡವರ ಹಾಗೆ ತೇಗಿ, ನಕ್ಕಿತು. ಡಾಕ್ಟರಮ್ಮ ಬರೆದುಕೊಟ್ಟ ವಿಟಮಿನ್ ಹನಿಯನ್ನು ಅದರದೇ ಡ್ರಾಪರಿನಲ್ಲಿ ತೆಗೆದೆ. ಕೂಸಿನ ಬಾಯಿಯ ಹತ್ತಿರ ಕೈ ಒಂದು ಗಳಿಗೆ ನಿಂತಿತು.

ಮೊದಲು ನಾ ಕುಡೀತೀನಿ ತಡಿ ಎನ್ನುವವರು ಮನೆಯಲ್ಲಿ ಇಲ್ಲ.