ಬಸಿರಲ್ಲದ ಭಾರ

ಮೊದಲು ಗಮನಿಸಿದವನು ಬಳೆಗಾರ. ಯುದ್ಧ ಮುಗಿದ ಮರುವರ್ಷ, ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಜಗಲಿಯಲ್ಲಿ ಬಳೆಯ ಮಲಾರ ಬಿಚ್ಚಿಕೊಂಡು ಕೂತಿದ್ದ. ನನ್ನ ಕೈಗೆ ಎಂದಿನಿಂದಲೂ ತೊಡಿಸುತ್ತಿದ್ದ ಅಳತೆಯ ಹಸಿರು ಬಳೆಯನ್ನು ಬೆರಳಿನ ಗೆಣ್ಣಿನವರೆಗೆ ತಂದು ನಿಲ್ಲಿಸಿದ. ಅಂಗೈಯನ್ನು ಹಿಚುಕಿ, ಮಡಿಸಿ, ಇನ್ನೊಮ್ಮೆ ನೋಡಿದ. ಬಳೆ ಚಟ್ಟೆಂದಿತು.

“ಅವ್ವಾ, ಕೈ ತುಂಬ್ಕೊಂಡಿದೆ. ದೊಡ್ಡ ಅಳತೆ ಹಾಕ್ತೀನಿ. ಒಳ್ಳೇದಾಗ್ಲಿ ಬಿಡಿ,” ಎಂದು ಮುಗುಳ್ನಕ್ಕ.

ಆ ‘ಒಳ್ಳೇದಾಗ್ಲಿ’ ಪಕ್ಕದ ಮನೆಯ ಫಿಟ್ಟರನ ಹೆಂಡತಿಯ ಕಿವಿಗೆ ಬಿತ್ತು. ಆಕೆ ಸೇಲಂ ಕಡೆಯವಳು, ಒಳ್ಳೆಯ ಮನಸ್ಸಿನವಳು, ಆದರೆ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವಳಲ್ಲ. “ಏನಕ್ಕಾ, ವಿಶೇಷಮಾ?” ಎಂದು ಬೇಲಿಯ ಆಚೆಯಿಂದ ಕಣ್ಣು ಅರಳಿಸಿದಳು. “ಮಗ್ಳಿಗೂ ನಿಮ್ಗೂ ಒಟ್ಟಿಗೇನಾ?”

ನಾನು ನಕ್ಕು ಒಳಗೆ ಹೋದೆ. ನಗಬಾರದಿತ್ತೋ ಏನೋ. ಆಗ ನನಗೆ ಅದು ಮಾತಿಗೊಂದು ಮಾತು ಅನ್ನಿಸಿತ್ತು, ಅಷ್ಟೆ.

ನನಗಿದ್ದವಳು ಒಬ್ಬಳೇ ಮಗಳು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಂಗಡಿ, ಜಮೀನು ಎರಡೂ ಇದ್ದ ಮನೆಗೆ ಕೊಟ್ಟಿದ್ದೆವು. ಆಗ ಅವಳಿಗೆ ಚೊಚ್ಚಲ ಬಸಿರು. ಸೀಮಂತ ಮುಗಿಸಿ, ಬಾಣಂತನಕ್ಕೆ ನಮ್ಮ ಮನೆಗೆ ಕರೆತರಬೇಕು. ಎಲ್ಲ ತಾಯಂದಿರಿಗೂ ಅದು ಇದ್ದದ್ದೇ. ನನಗೆ ಮಾತ್ರ ಅದು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ನೋಡುವವರಿಲ್ಲವೆಂದೇ ಅಪ್ಪ ನನ್ನನ್ನು ಮೈಸೂರಿನ ಕಾನ್ವೆಂಟಿನಲ್ಲಿ ಬಿಟ್ಟಿದ್ದರು. ನನ್ನ ಹೆರಿಗೆಗೆ ತಾಯಿಮನೆ ಇರಲಿಲ್ಲ. ಅತ್ತೆಯ ಮನೆಯ ಕತ್ತಲು ಕೋಣೆಯಲ್ಲಿ, ಬಿಸಿನೀರು ಹಾಕುವವಳು ಯಾವಾಗ ಬರುತ್ತಾಳೋ ಎಂದು ಬಾಗಿಲು ನೋಡುತ್ತ ಮಲಗಿದ್ದೆ. ನನ್ನ ಮಗಳು ಹಾಗೆ ಬಾಗಿಲು ನೋಡಬಾರದು ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಅಂದುಕೊಂಡಿದ್ದೆ.

ಗುಳಿಗೆ ಶುರುಮಾಡಿದ್ದೂ ಅದಕ್ಕೇ.

ಅದರ ಹಿಂದಿನ ವರ್ಷದಿಂದ ನನ್ನ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಮುಟ್ಟು ಹಿಂದೆ ಮುಂದಾಗಿ, ಆಮೇಲೆ ನಿಂತೇಹೋಯಿತು. ನಿಂತದ್ದಕ್ಕೆ ನಾನೇನು ಅಳಲಿಲ್ಲ. ಆದರೆ ಅದರ ಹಿಂದೆಯೇ ಒಂದು ಬೆಂಕಿ ಬಂತು. ಪಾತ್ರೆ ಒರೆಸುತ್ತ ನಿಂತಿದ್ದಾಗ ಎದೆಯಿಂದ ಎದ್ದು ಕುತ್ತಿಗೆ, ಕಿವಿ, ನೆತ್ತಿಗೆ ಏರುತ್ತಿತ್ತು. ಸೆರಗು ಒದ್ದೆಯಾಗಿ, ಮರುಗಳಿಗೆಗೆ ಚಳಿ. ನಿದ್ದೆ ಹೋಯಿತು. ಹಾಲು ಉಕ್ಕಿದರೆ ಅಳು, ಉಕ್ಕದಿದ್ದರೂ ಅಳು. ಕಾನ್ವೆಂಟಿನ ಸಿಸ್ಟರುಗಳು ನನಗೆ ಲೇಸು ಹೆಣೆಯುವುದು, ಚಮಚ ಹಿಡಿಯುವುದು, ಸೊಂಟ ಬಾಗದಂತೆ ಕೂರುವುದು ಎಲ್ಲ ಕಲಿಸಿದ್ದರು. ಇದನ್ನು ಹೇಳಿಕೊಡಲಿಲ್ಲ, ಹೇಳಬೇಕಾದ ತಾಯಿ ಇರಲಿಲ್ಲ. ನನಗೆ ಬುದ್ಧಿಭ್ರಮಣೆಯೇ ಆಗುತ್ತಿದೆಯೆಂದು ತಿಳಿದು ಹೆದರಿದ್ದೆ. ಹುಚ್ಚಿಯ ಮನೆಗೆ ಬಾಣಂತಿಯನ್ನು ಯಾರು ಕಳಿಸುತ್ತಾರೆ?

ನಮ್ಮೆಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕಡೆ ಕೆಲಸದಲ್ಲಿದ್ದರು. ಬೇಡಿಕೊಂಡ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಗಿನ ರೀತಿಯಂತೆ ನಾನು ಹೊರಗಿನ ಬೆಂಚಿನಲ್ಲಿ ಕೂತೆ, ನನ್ನ ಕಾಯಿಲೆಯನ್ನು ಅವರು ಒಳಗೆ ಹೇಳಿದರು. ಪರದೆಯಾಚೆಯಿಂದ ಕೇಳುತ್ತಿತ್ತು: “ಶಾಖ ಏರುತ್ತಂತೆ ಸಾರ್, ಆಮೇಲೆ ತಾನೇ ಇಳಿಯುತ್ತಂತೆ.” ಡಾಕ್ಟರು ಹೊಸದಾಗಿ ಇಂಗ್ಲೆಂಡಿನಿಂದ ಬಂದ ಚಿಕ್ಕ ಬಿಳಿ ಗುಳಿಗೆ ಕೊಟ್ಟರು. ದಾರಿಯುದ್ದಕ್ಕೂ ಯಜಮಾನರು ನನಗೆ ಪಾಠ ಹೇಳಿದರು. “ಹಾರ್ಮೋನ್ ಅಂತಾರೆ. ಒಳಗಿನ ಒಂದು ರಸ ನಿಂತುಹೋಗುತ್ತಂತೆ, ಅದನ್ನ ಹೊರಗಿಂದ ಹಾಕೋದು. ನಮ್ಮ ಕುಲುಮೆಗೆ ಇದ್ದಿಲು ಸುರಿದ ಹಾಗೆ ಅಂತ ಇಟ್ಕೋ ಮಾರಾಯ್ತಿ.”

ಬೆಂಕಿ ಆರಿತು, ನಿಜ. ಆದರೆ ಅದರ ಜಾಗಕ್ಕೆ ಬಂದದ್ದು ಏನೆಂದು ಹೇಳಲಿ? ಬೆಳಿಗ್ಗೆ ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳೆಸಿ ಬಚ್ಚಲಿಗೆ ಓಡುತ್ತಿದ್ದೆ. ಎದೆ ಬಿಗಿದು ರವಿಕೆ ತಾಗಿದರೂ ನೋವು. ಕಾಲು ಊದಿ ಕಾಲುಂಗುರದ ಸುತ್ತ ಮಾಂಸ ಉಬ್ಬಿ ನಿಂತಿತು. ರವಿಕೆ ಹೊಲಿಯುವಾಗ ಒಳಗೆ ಬಟ್ಟೆ ಬಿಟ್ಟಿರಬೇಕೆಂದು ಸಿಸ್ಟರು ಹೇಳಿಕೊಟ್ಟಿದ್ದರು. ಒಂದೊಂದೇ ಹೊಲಿಗೆ ಬಿಚ್ಚುತ್ತ ಬಿಟ್ಟಿದ್ದ ಬಟ್ಟೆಯೆಲ್ಲ ಮುಗಿಯಿತು. ಹಳೆಯ ಹೊಲಿಗೆಯ ಗೆರೆಗಳು ಪಕ್ಕೆಯ ಮೇಲೆ ಕಾಣುತ್ತಿದ್ದವು. ನಾನು ತಿನ್ನುತ್ತಿದ್ದದ್ದು ರೇಷನ್ನಿನ ಅಕ್ಕಿ, ಅದೂ ಅರೆಹೊಟ್ಟೆ. ಆದರೂ ಊದುತ್ತಿದ್ದೆ.

ಆಯಾಸದ್ದೇ ಇನ್ನೊಂದು ಕಥೆ. ಅದು ಕೆಲಸ ಮಾಡಿದ ಆಯಾಸವಲ್ಲ. ಅಕ್ಕಿ ಆರಿಸುತ್ತ ಕೂತವಳು ಮೊರದಲ್ಲಿ ಬೆರಳಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದೆ. ರೊಟ್ಟಿ ತಟ್ಟುವಾಗ ಅರ್ಧಕ್ಕೆ ಗೋಡೆಗೊರಗಿದರೆ ಕೈಯ ಮೇಲಿನ ಹಿಟ್ಟು ಒಣಗಿ ಬಿರುಕು ಬಿಡುವವರೆಗೂ ಏಳುತ್ತಿರಲಿಲ್ಲ. ಬಾಣಂತಿಗೆಂದು ಉತ್ತುತ್ತೆ, ಅಂಟು, ಒಣಶುಂಠಿ ಕೂಡಿಸಿಟ್ಟಿದ್ದೆ. ಕುಟ್ಟೋಣವೆಂದು ಒನಕೆ ಎತ್ತಿದೆ. ಎತ್ತಿದ ಒನಕೆಯನ್ನು ಹಾಗೆಯೇ ಮೆಲ್ಲನೆ ಗೋಡೆಗೆ ಆನಿಸಿಟ್ಟೆ. ಯಾರೂ ನೋಡಲಿಲ್ಲವಲ್ಲ ಎಂದು ಸುತ್ತ ನೋಡಿಕೊಂಡೆ.

ಮಗಳನ್ನು ಕರೆತರುವ ದಿನ ಗೊತ್ತುಮಾಡಲು ಯಜಮಾನರು ಶಿವಮೊಗ್ಗಕ್ಕೆ ಹೋದರು. ಸಂಜೆ ರೈಲಿಗೆ ಬಂದವರು ಟೋಪಿ ತೆಗೆಯದೆಯೇ ಕುರ್ಚಿಯಲ್ಲಿ ಕೂತರು.

“ಕಳಿಸೋದಿಲ್ಲವಂತೆ.”

“ಯಾಕೆ?”

“ಒಂದು ಸೂರಿನಡಿ ಇಬ್ಬರು ಬಸುರಿಯರು ಇರಬಾರದಂತೆ. ಒಬ್ಬರಿಗೆ ಕೇಡಂತೆ.” ನನ್ನ ಕಡೆ ನೋಡದೆ ಹೇಳಿದರು. “ನಿನ್ನ ವಿಷಯ ಅಲ್ಲಿಗೆ ಹೋಗಿದೆ. ಬೀಗಿತ್ತಿ ಬಾಗಿಲ ಹಿಂದಿನಿಂದ ನಗ್ತಾ ಇದ್ರು ಮಾರಾಯ್ತಿ. ಈ ವಯಸ್ಸಿನಲ್ಲಿ ನಾನು...”

“ಅಲ್ಲ ಅಂತ ನೀವು ಹೇಳಬೇಕಿತ್ತು!”

“ಏನಂತ ಹೇಳ್ಲಿ? ಬೀಗರ ನಡುಮನೆಯಲ್ಲಿ ನಿಂತು, ನನ್ನ ಹೆಂಡ್ತಿಗೆ ಎಲ್ಲ ನಿಂತುಹೋಗಿದೆ ಅಂತ ಸಾರ್ಲಾ?”

ನನ್ನ ಪರವಾಗಿ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ಎದುರುಮನೆಯ ಬ್ರಾಹ್ಮಣರ ಹೆಂಗಸಿಗಾದರೆ ತಿಂಗಳು ತಿಂಗಳು ಹೊರಗೆ ಕೂರುವ ಪದ್ಧತಿ. ಆಕೆ ಹೊರಗೆ ಕೂರುವುದನ್ನು ನಿಲ್ಲಿಸಿದ್ದು ಯಾವಾಗಿನಿಂದ ಎಂಬುದು ಬೀದಿಗೆಲ್ಲ ಗೊತ್ತಿತ್ತು. ನಮ್ಮದು ಕೊರಳಲ್ಲಿ ಲಿಂಗವಿರುವ ಮನೆತನ. ನಮ್ಮಲ್ಲಿ ಮೈಲಿಗೆಯ ಲೆಕ್ಕವಿಲ್ಲ, ಹೊರಗೆ ಕೂರುವುದಿಲ್ಲ. ಅದು ನಮ್ಮ ಹಿರಿಯರು ಹೆಂಗಸರಿಗೆ ಮಾಡಿದ ಉಪಕಾರವೆಂದು ನಾನು ಕಾನ್ವೆಂಟಿನ ಗೆಳತಿಯರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ವರ್ಷ ಮಾತ್ರ, ನನ್ನ ಮುಟ್ಟು ನಿಂತದ್ದು ಯಜಮಾನರಿಗೂ ಡಾಕ್ಟರಿಗೂ ಬಿಟ್ಟರೆ ಇನ್ನಾರಿಗೂ ತಿಳಿಯಲಿಲ್ಲವಲ್ಲ ಎಂದು ಮರುಗಿದೆ.

ಗುಳಿಗೆ ಬಿಟ್ಟೆ. ಬಿಟ್ಟರೆ ಇಳಿಯುತ್ತೇನೆ, ಇಳಿದದ್ದನ್ನು ನೋಡಿ ನಂಬುತ್ತಾರೆ ಎಂಬ ಆಸೆ. ಮೈ ಇಳಿಯಲಿಲ್ಲ, ಬೆಂಕಿ ಮಾತ್ರ ವಾಪಸು ಬಂತು. ಕಾರ್ಖಾನೆಯ ಕೂಗು ಕೇಳಿದರೂ ಮೈಯೆಲ್ಲ ನಡುಗುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರು ಸಾರು ಸಪ್ಪೆ ಎಂದದ್ದಕ್ಕೆ ಸೌಟು ಎಸೆದುಬಿಟ್ಟೆ. ಅದು ಗೋಡೆಗೆ ತಾಗಿ ಬಿತ್ತು. ಅವರು ಬಯ್ಯಲಿಲ್ಲ. ಎದ್ದು ಹೋಗಿ ಗುಳಿಗೆಯ ಸೀಸೆ ತಂದು, ಒಂದು ಲೋಟ ನೀರಿನ ಜೊತೆ ನನ್ನ ಮುಂದಿಟ್ಟರು. “ನುಂಗು,” ಎಂದರು. ನುಂಗಿದೆ. ನುಂಗಿದರೆ ಬಸುರಿ, ನುಂಗದಿದ್ದರೆ ಹುಚ್ಚಿ. ಇವೆರಡರ ನಡುವೆ ನನ್ನ ಮಗಳ ತಾಯಿಯಾಗಿ ನಿಲ್ಲಲು ಜಾಗವೇ ಇರಲಿಲ್ಲ.

ಕೊನೆಗೆ ಗಂಡಸರಿಂದ ಆಗದ ಮಾತನ್ನು ನಾನೇ ಆಡುತ್ತೇನೆಂದು ಹೊರಟೆ. ರೈಲು ಮಾಚೇನಹಳ್ಳಿಯ ಬಯಲು ದಾಟುವವರೆಗೂ ಆಡಬೇಕಾದ ಮಾತನ್ನು ಒಳಗೊಳಗೇ ಜೋಡಿಸಿಕೊಂಡೆ; ಶಿವಮೊಗ್ಗದಲ್ಲಿ ಇಳಿಯುವಾಗ ಯಾರೋ ಅಪರಿಚಿತ ಹೆಂಗಸು “ಹುಷಾರಮ್ಮಾ, ಬಸುರಿ ಹೆಂಗಸು,” ಎಂದು ಕೈಹಿಡಿದು ಇಳಿಸಿದಳು. ಜೋಡಿಸಿಕೊಂಡದ್ದೆಲ್ಲ ಚೆದುರಿಹೋಯಿತು.

ಬೀಗರ ಮನೆಯ ಮುಂದೆ ಎತ್ತರದ ಮೆಟ್ಟಿಲುಗಳು. ಹತ್ತಿದವಳು ಹೊಸ್ತಿಲ ಹತ್ತಿರವೇ ಕಂಬ ಹಿಡಿದು ಕೂತುಬಿಟ್ಟೆ. ಉಸಿರು ಬರುವವರೆಗೆ ಬೀಗಿತ್ತಿ ಎದುರಿಗೆ ನಿಂತು ನೋಡಿದರು. ಹಣೆತುಂಬ ವಿಭೂತಿ, ಗಟ್ಟಿ ಮೈಕಟ್ಟು, ನನಗಿಂತ ದೊಡ್ಡವರು. ಆಗಲೂ ಕೊಡ ಹೊತ್ತು ತುಂಗೆಗೆ ಹೋಗಿಬರುತ್ತಿದ್ದರು.

“ಬನ್ನಿ ಬನ್ನಿ. ಇಂಥಾ ಹೊತ್ನಲ್ಲಿ ರೈಲು ಗೀಲು ಹತ್ತೋದಾ? ಬೀಗ್ರು ಬಲು ಧೈರ್ಯದೋರು ಬಿಡಿ!” ಎಂದರು. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು.

“ನಾನು ಬಸುರಿ ಅಲ್ಲ,” ಎಂದೆ. ಅಷ್ಟು ಜೋರಾಗಿ ಹೇಳುವ ಇರಾದೆ ಇರಲಿಲ್ಲ. “ನನ್ನದೆಲ್ಲ ನಿಂತು ವರ್ಷ ಕಳೀತು. ಡಾಕ್ಟರು ಗುಳಿಗೆ ಕೊಟ್ಟಿದಾರೆ. ಅದಕ್ಕೆ ಮೈ ಬಂದಿದೆ, ಅದಕ್ಕೇ ವಾಕರಿಕೆ. ಬೇಕಾದ್ರೆ ಮುಟ್ಟಿ ನೋಡಿ.”

ನಗು ನಿಂತಿತು. ಬೀಗಿತ್ತಿ ಬಾಗಿಲು ಮುಂದೆ ಮಾಡಿ ನನ್ನ ಪಕ್ಕದಲ್ಲಿ ಕೂತು, ನಿಜವಾಗಿಯೂ ಹೊಟ್ಟೆಯ ಮೇಲೆ ಕೈಯಿಟ್ಟರು. ಅಡಿಗೆಮನೆಯಿಂದ ಬಂದ ಆ ಕೈಯಲ್ಲಿ ಮೆಂತ್ಯದ ವಾಸನೆಯಿತ್ತು. ಒತ್ತಿ, ಪಕ್ಕಕ್ಕೆ ಸರಿಸಿ, ಮತ್ತೆ ಒತ್ತಿದರು. ಅವರು ಹೆತ್ತವರು, ಹೆರಿಗೆ ಮಾಡಿಸಿದವರು. ನಾನು ಎದುರಿನ ಗೋಡೆಯ ಗೂಡಿನಲ್ಲಿದ್ದ ದೀಪದ ಮಸಿಯನ್ನು ನೋಡುತ್ತಿದ್ದೆ.

“ನಂಬಿದೆ,” ಎಂದರು. ದನಿ ಮೆತ್ತಗಾಗಿತ್ತು. “ತಪ್ಪು ತಿಳ್ಕೋಬೇಡಿ. ಊರ ಬಾಯಿ.”

“ಹಾಗಾದ್ರೆ ಕಳಿಸ್ತೀರಲ್ಲ?”

ಅವರು ನನ್ನ ಊದಿದ ಪಾದ ನೋಡಿದರು, ಕಂಬವನ್ನು ಇನ್ನೂ ಬಿಡದ ನನ್ನ ಕೈ ನೋಡಿದರು.

“ನೀವೇ ಹೇಳಿ ಬೀಗ್ರೆ. ಬಸುರಿ ಆಗಿದ್ರೆ ಹೆತ್ತ ಮೇಲೆ ಸರಿ ಹೋಗ್ತೀರಿ ಅನ್ನಬೋದಿತ್ತು. ಇದು ಹಾಗಲ್ಲವಲ್ಲ. ಆ ಮೆಟ್ಟಿಲು ಹತ್ತೋಕೇ ನಿಮಗೆ ಏದುಸಿರು. ಹಂಡೆ ನೀರು ಕಾಸೋರು ಯಾರು, ಮಗೂನ ಕಾಲ್ಮೇಲೆ ಹಾಕ್ಕೊಂಡು ಎರೆಯೋರು ಯಾರು? ಕೂಲಿ ಹೆಂಗಸಿನ ಕೈಲಿ ಬಿಡ್ತೀರಾ? ಯಾರು ಯಾರಿಗೆ ಬಾಣಂತನ ಮಾಡೋದು?”

ಅದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಜಗಳವಾಡುತ್ತಿದ್ದೆ.

ಅಷ್ಟರಲ್ಲಿ ಮಗಳು ನಡುಮನೆಯ ಬಾಗಿಲು ಸರಿಸಿ ಬಂದು ನಿಂತಿದ್ದಳು. ತುಂಬಿದ ಹೊಟ್ಟೆ, ಸೊರಗಿದ ಮುಖ, ಜಡೆಯ ತುದಿ ಕೈಯಲ್ಲಿ. ಚಿಕ್ಕವಳಿದ್ದಾಗಲೂ ಏನಾದರೂ ಕೇಳುವ ಮುಂಚೆ ಅವಳು ಜಡೆಯ ತುದಿ ಹಿಡಿಯುತ್ತಿದ್ದಳು.

“ಅತ್ತೆ ಹೇಳೋದು ಬಿಡು ಅಮ್ಮ. ನೀನು ಹೇಳು. ನಿನ್ನ ಕೈಲಿ ಆಗುತ್ತಾ?”

ಆಗುತ್ತದೆ ಅನ್ನಬೇಕೆಂದು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಂಬಲು ಸಿದ್ಧಳಾಗಿ. ನಾನು ಆಗುತ್ತದೆ ಎಂದಿದ್ದರೆ ಅತ್ತೆಯನ್ನು ಎದುರು ಹಾಕಿಕೊಂಡಾದರೂ ಹೊರಟುಬಿಡುತ್ತಿದ್ದಳು. ಮೊರದ ಮೇಲೆ ನಿದ್ದೆ ಹೋಗುವ ಕೈ, ಒನಕೆ ಎತ್ತದ ಕೈ. ಸೋಪು ನೀರಿನಲ್ಲಿ ಜಾರುವ ಎಳೆಯ ಕೂಸು ಕಣ್ಣಿಗೆ ಕಟ್ಟಿತು.

“ಆಗಲ್ಲ ಮಗಳೇ,” ಎಂದೆ.

ಅವಳು ಜಡೆಯ ತುದಿ ಬಿಟ್ಟು ಒಳಗೆ ಹೋದಳು. ಬೀಗಿತ್ತಿ ಮಜ್ಜಿಗೆ ತಂದುಕೊಟ್ಟರು. ಕುಡಿದೆ. ಜಟಕಾದವನು ನನ್ನನ್ನು ಹತ್ತಿಸಿಕೊಳ್ಳುವಾಗ ಕುದುರೆಗೆ, “ತಡಿ ಬೇಟಾ, ಇಬ್ಬರ ಭಾರ ಇದೆ,” ಎಂದ. ಅವನನ್ನು ತಿದ್ದುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಭದ್ರಾವತಿಗೆ ಬಂದ ಮೇಲೆ ಉತ್ತುತ್ತೆ, ಅಂಟು, ಶುಂಠಿಯನ್ನೆಲ್ಲ ಗಂಟು ಕಟ್ಟಿ ಯಜಮಾನರ ಕೈಯಲ್ಲಿ ಬೀಗರ ಮನೆಗೆ ಕಳಿಸಿದೆ. ಕುಟ್ಟದೆ, ಹಾಗೆಯೇ. ಡಾಕ್ಟರು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಬೆಂಕಿ ಅರ್ಧ ಬಂತು, ಭಾರ ಅರ್ಧವೂ ಇಳಿಯಲಿಲ್ಲ. ಒಂದೊಂದು ದಿನ ಮಧ್ಯಾಹ್ನ ಹಾಸಿಗೆಯಲ್ಲಿ ಮಲಗಿ, ನಾನು ಸತ್ತಿದ್ದರೆ ಅವಳಿಗೆ ತಾಯಿಯಿಲ್ಲವೆಂದು ಎಲ್ಲರೂ ಮರುಕಪಡುತ್ತಿದ್ದರು, ಈಗ ತಾಯಿಯೂ ಇಲ್ಲ ಮರುಕವೂ ಇಲ್ಲ ಎಂದು ಯೋಚಿಸುತ್ತಿದ್ದೆ. ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಯೋಚಿಸಿದ್ದು ನಿಜ.

ಗಂಡು ಮಗು ಹುಟ್ಟಿತೆಂದು ಸುದ್ದಿ ಬಂದಾಗ ಮೊದಲ ರೈಲಿಗೇ ಹೋದೆವು. ಕೋಣೆಯಲ್ಲಿ ಸಾಂಬ್ರಾಣಿಯ ಹೊಗೆ. ಮಗಳು ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ನಾನು ಬಂದದ್ದು ಗೊತ್ತಾಗುವ ಮೊದಲು ಅವಳ ಕಣ್ಣು ಬಾಗಿಲ ಕಡೆಯೇ ಇತ್ತು. ಬಿಸಿನೀರು ಹಾಕುವ ಹೊತ್ತಾಗಿತ್ತಂತೆ. ನಾನು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತೆ. ಬೀಗಿತ್ತಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದರು.

“ನೋಡಿ, ನಿಮ್ಮ ಮೊಮ್ಮಗ,” ಎಂದರು ನಗುತ್ತ. ತಮ್ಮ ಕೈಯನ್ನು ಮಾತ್ರ ಅವರು ಕೂಸಿನ ಅಡಿಯಿಂದ ತೆಗೆಯಲಿಲ್ಲ.